ಗಂಜಿಯೂ ಸೀರೆಯೂ ಒಂದೇ ಸಕ್ಕರೆ

ಉಡುಪಿಯಲ್ಲಿ ಸಾರ್ವಜನಿಕರಿಗಾಗಿ ಮಾಡಿದ ಉಪನ್ಯಾಸದ ಬರಹ ರೂಪ ಇದು. ಮೇಜಿನ ಮೇಲೆ ಮಾಡಿ ತೋರಿಸಿದ್ದನ್ನು ಇಲ್ಲಿ ಮಾತಿನಲ್ಲಿ ಹೇಳಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಮೂರನ್ನು ಸೇರಿಸಿಕೊಂಡಿದ್ದೇನೆ.

ಎಲ್ಲರಿಗೂ ನಮಸ್ಕಾರ.

ನಮ್ಮ ಮನೆಯಲ್ಲಿ ಕುಚ್ಚಲಕ್ಕಿ ಗಂಜಿಯ ತೆಳಿಯನ್ನು ಯಾವತ್ತೂ ಚೆಲ್ಲುತ್ತಿರಲಿಲ್ಲ. ಉಪ್ಪು ಹಾಕಿ ಒಂದೊಂದು ಲೋಟ ನಮಗೆ. ಒಂದು ಪಾಲು ಅಕ್ಕಚ್ಚಿನ ಜೊತೆ ಹಟ್ಟಿಯ ದನಕ್ಕೆ. ಸೀರೆ ಒಗೆಯುವ ದಿನವಾದರೆ ಇನ್ನೊಂದು ಪಾಲನ್ನು ಅಮ್ಮ ಬಟ್ಟೆಯಲ್ಲಿ ಸೋಸಿ, ಬಕೆಟ್ಟಿನಲ್ಲಿ ನೀರು ಬೆರೆಸಿ, ತನ್ನ ಹತ್ತಿ ಸೀರೆಯನ್ನು ಅದರಲ್ಲಿ ಅದ್ದಿ ಹಿಂಡಿ ಒಣಹಾಕುತ್ತಿದ್ದಳು. ಒಣಗಿದ ಮೇಲೆ ಸೀರೆ ಹಪ್ಪಳದ ಹಾಗೆ ಗರಿಗರಿ. ಕೈಮಗ್ಗದವರೂ ನೇಯುವ ಮೊದಲು ಹಾಸುನೂಲಿಗೆ ಗಂಜಿ ಕೊಡುತ್ತಾರೆ. ಕೊಡದಿದ್ದರೆ ಮಗ್ಗದ ಉಜ್ಜಾಟಕ್ಕೆ ನೂಲು ಎಳೆ ಬಿಟ್ಟುಕೊಳ್ಳುತ್ತದೆ.

ಇವತ್ತು ನಿಮ್ಮ ಮುಂದೆ ಇಡಬೇಕೆಂದಿರುವ ವಿಷಯ ಆ ಬಕೆಟ್ಟಿನಲ್ಲೇ ಇತ್ತು. ತೆಳಿಯಲ್ಲಿರುವ ಪಿಷ್ಟವೂ ಸೀರೆಯ ಹತ್ತಿಯೂ ಒಂದೇ ಸಕ್ಕರೆಯಿಂದ ಆದವು. ಆ ಸಕ್ಕರೆಯ ಹೆಸರು ಗ್ಲೂಕೋಸ್. ಒಂದನ್ನು ನಾವು ಕುಡಿದು ಜೀರ್ಣಿಸಿಕೊಳ್ಳುತ್ತೇವೆ, ಇನ್ನೊಂದನ್ನು ಉಟ್ಟುಕೊಳ್ಳುತ್ತೇವೆ.

ಇದನ್ನು ಮೊದಲು ಕಂಡವರು ಸಿಹಿ ಹುಡುಕಿಕೊಂಡು ಹೊರಟಿದ್ದ ಕಾಲದವರು. 1811ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಕಿರ್ಚಾಫ್ ಎಂಬ ರಸಾಯನಶಾಸ್ತ್ರಜ್ಞ ಪಿಷ್ಟವನ್ನು ಸ್ವಲ್ಪ ಗಂಧಕಾಮ್ಲ ಹಾಕಿ ಕುದಿಸಿದ. ಅದು ಸಿಹಿಯಾಯಿತು. 1819ರಲ್ಲಿ ಫ್ರಾನ್ಸಿನ ಬ್ರಾಕೊನೊ ಇನ್ನೂ ಮುಂದೆ ಹೋಗಿ ಮರದ ಹೊಟ್ಟನ್ನೂ ನಾರುಬಟ್ಟೆಯ ಚಿಂದಿಯನ್ನೂ ಪ್ರಬಲ ಆಮ್ಲದಲ್ಲಿ ಕರಗಿಸಿ ನೋಡಿದ. ಅದರಿಂದಲೂ ಸಕ್ಕರೆ ಬಂತು. ಹರಿದ ಬಟ್ಟೆಯಿಂದ ಸಕ್ಕರೆ! ಈ ಬ್ರಾಕೊನೊ ಎಂಬ ಹೆಸರನ್ನು ನೆನಪಿಟ್ಟುಕೊಳ್ಳಿ, ಇನ್ನೊಮ್ಮೆ ಬರುತ್ತಾನೆ.

ಹೆಸರಿನ ಬಗ್ಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಕಾರ್ಬೋಹೈಡ್ರೇಟ್ ಎಂದರೆ ಇಂಗಾಲ ಮತ್ತು ನೀರು ಎಂದರ್ಥ. ಗ್ಲೂಕೋಸಿನಲ್ಲಿ ಇಂಗಾಲದ ಪರಮಾಣು 6, ಜಲಜನಕ 12, ಆಮ್ಲಜನಕ 6. ಜಲಜನಕಕ್ಕೂ ಆಮ್ಲಜನಕಕ್ಕೂ ಇರುವ ಲೆಕ್ಕ ನೀರಿನಲ್ಲಿರುವ ಲೆಕ್ಕವೇ. ಸಕ್ಕರೆಯ ಮೇಲೆ ಪ್ರಬಲ ಗಂಧಕಾಮ್ಲ ಬಿದ್ದರೆ ಅದು ನೀರನ್ನೆಲ್ಲ ಕಿತ್ತುಕೊಂಡು ಕರೀ ಇದ್ದಿಲನ್ನು ಉಬ್ಬಿಸಿ ನಿಲ್ಲಿಸುತ್ತದೆ. ಹಾಗಾಗಿ ಹಳಬರಿಗೆ ಆ ಹೆಸರು ಸರಿ ಅನಿಸಿತ್ತು. ಈಗ ಆ ಲೆಕ್ಕಕ್ಕೆ ಕೂಡದ ಎಷ್ಟೋ ಸಕ್ಕರೆಗಳು ಗೊತ್ತಾಗಿವೆ, ಹೆಸರು ಮಾತ್ರ ಉಳಿದಿದೆ. ನಮ್ಮ ಪಠ್ಯಪುಸ್ತಕದ ಮಾತು ಶರ್ಕರಪಿಷ್ಟ. ಚಂದದ ಮಾತು, ಆದರೆ ಅದರಲ್ಲಿ ತಿನ್ನುವುದು ಮಾತ್ರ ಇದೆ: ಶರ್ಕರ, ಪಿಷ್ಟ. ಈ ಕುಟುಂಬದ ಬಹುಪಾಲು ಸದಸ್ಯರು ನಮ್ಮ ತಟ್ಟೆಗೆ ಬರುವವರೇ ಅಲ್ಲ. ಮರವಾಗಿ ನಿಂತಿದ್ದಾರೆ, ಸಿಗಡಿಯ ಸಿಪ್ಪೆಯಾಗಿದ್ದಾರೆ, ನಮ್ಮ ರಕ್ತದ ಗುರುತಾಗಿದ್ದಾರೆ. ಮೂವತ್ತು ವರ್ಷ ಪಾಠ ಮಾಡಿದವನಾಗಿ ಹೇಳುತ್ತೇನೆ, ಶಕ್ತಿ ಕೊಡುವ ಆಹಾರ ಎಂಬ ಒಂದೇ ಸಾಲಿನಲ್ಲಿ ಈ ಪಾಠವನ್ನು ಮುಗಿಸುವುದು ಮಕ್ಕಳಿಗೆ ಮಾಡುವ ಅನ್ಯಾಯ.

ಈಗ ಶಂಕರಪುರದ ಮಲ್ಲಿಗೆಯನ್ನು ನೆನಪಿಸಿಕೊಳ್ಳಿ. ನಮ್ಮಲ್ಲಿ ಅದನ್ನು ಚೆಂಡು, ಅಟ್ಟೆ ಲೆಕ್ಕದಲ್ಲಿ ಮಾರುತ್ತಾರೆ. ಒಂದು ಚೆಂಡಿಗೆ 800 ಹೂವು, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಬಿಡಿ ಹೂವು ಒಂದು ಗ್ಲೂಕೋಸ್ ಅಂದುಕೊಳ್ಳಿ. ಎರಡನ್ನು ಕಟ್ಟಿದರೆ ದ್ವಿಶರ್ಕರ. ಅಟ್ಟೆಗಟ್ಟಲೆ ಕಟ್ಟಿದರೆ ಬಹುಶರ್ಕರ. ಒಂದೊಂದು ಸರದಲ್ಲಿ ಸಾವಿರಾರು ಹೂವು. ಕಟ್ಟುವ ರೀತಿಯಲ್ಲೇ ಎಲ್ಲ ಇದೆ. ಹೂವಿನ ತಲೆಗಳನ್ನೆಲ್ಲ ಒಂದೇ ಕಡೆಗೆ ಬರುವ ಹಾಗೆ ಒತ್ತಾಗಿ ಕಟ್ಟಿದರೆ ದಂಡೆ ತನ್ನಷ್ಟಕ್ಕೆ ಬಾಗಿ ಸುರುಳಿ ಸುತ್ತಿಕೊಳ್ಳುತ್ತದೆ. ಒಂದು ಆಚೆ, ಒಂದು ಈಚೆ ಮಾಡಿ ಕಟ್ಟಿದರೆ ನೇರ ನಿಲ್ಲುತ್ತದೆ. ಪಿಷ್ಟಕ್ಕೂ ಹತ್ತಿಗೂ ಇರುವ ವ್ಯತ್ಯಾಸ ಇಷ್ಟೇ. ಮೊದಲನೆಯದನ್ನು ಆಲ್ಫಾ ಬಂಧ ಎನ್ನುತ್ತಾರೆ, ಎರಡನೆಯದನ್ನು ಬೀಟಾ ಬಂಧ.

ಮೊದಲು ಬಿಡಿ ಹೂವುಗಳನ್ನು ನೋಡೋಣ. ಗ್ಲೂಕೋಸ್, ಫ್ರಕ್ಟೋಸ್, ಗ್ಯಾಲಕ್ಟೋಸ್ ಎಂಬ ಮೂರರಲ್ಲಿಯೂ ಪರಮಾಣುಗಳ ಲೆಕ್ಕ ಒಂದೇ, ಜೋಡಣೆ ಬೇರೆ. ಗ್ಲೂಕೋಸಿನ ನಾಲ್ಕನೆಯ ಇಂಗಾಲದ ಮೇಲಿರುವ ಒಂದು ಗುಂಪು ಆಚೆ ಇದ್ದದ್ದು ಈಚೆ ಬಂದರೆ ಅದು ಗ್ಯಾಲಕ್ಟೋಸ್. ಈ ಜಾಲವನ್ನು ಬಿಡಿಸಿದವನು ಜರ್ಮನಿಯ ಎಮಿಲ್ ಫಿಶರ್. ಅಣುವನ್ನು ಕಣ್ಣಿನಿಂದ ನೋಡುವ ಯಾವ ಉಪಕರಣವೂ ಇಲ್ಲದ ಕಾಲದಲ್ಲಿ, ಬರೀ ಪ್ರಯೋಗ ಮತ್ತು ತರ್ಕದಿಂದ, 1891ರಲ್ಲಿ ಗ್ಲೂಕೋಸಿನ ಯಾವ ಗುಂಪು ಯಾವ ಕಡೆ ಇದೆ ಎಂದು ಹೇಳಿದ. ಹದಿನಾರು ಸಾಧ್ಯತೆಗಳಲ್ಲಿ ಒಂದನ್ನು ಗುರುತಿಸಿದ್ದು. 1902ರಲ್ಲಿ ಅವನಿಗೆ ನೊಬೆಲ್ ಬಂತು. ವಿಜ್ಞಾನದಲ್ಲಿ ಇದಕ್ಕಿಂತ ಸುಂದರವಾದ ಪತ್ತೇದಾರಿ ಕೆಲಸವನ್ನು ನಾನು ಓದಿಲ್ಲ.

ಇವು ಮನೆಯಲ್ಲೇ ಕಾಣಸಿಗುತ್ತವೆ. ತುಡುವೆ ಜೇನನ್ನು ಬಾಟಲಿಯಲ್ಲಿಟ್ಟರೆ ಕೆಲವೊಮ್ಮೆ ಕೆಳಗೆ ಹರಳು ಕಟ್ಟುತ್ತದೆ. ಜನ ಸಕ್ಕರೆ ಪಾಕ ಬೆರೆಸಿದ್ದಾರೆಂದು ತಂದುಕೊಟ್ಟವರನ್ನು ಬಯ್ಯುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಜೇನಿನಲ್ಲಿ ಹೆಚ್ಚಾಗಿ ಇರುವುದು ಫ್ರಕ್ಟೋಸ್ ಮತ್ತು ಗ್ಲೂಕೋಸ್. ಫ್ರಕ್ಟೋಸ್ ನೀರಿನಲ್ಲಿ ಬಹಳ ಚೆನ್ನಾಗಿ ಕರಗುತ್ತದೆ, ಗ್ಲೂಕೋಸ್ ಅಷ್ಟು ಕರಗುವುದಿಲ್ಲ, ಹರಳಾಗಿ ಕೆಳಗಿಳಿಯುತ್ತದೆ. ಶುದ್ಧ ಜೇನೂ ಗಟ್ಟಿಯಾಗುತ್ತದೆ. ಹರಳು ಕಟ್ಟಿದ್ದೇ ಕಲಬೆರಕೆಗೆ ಸಾಕ್ಷಿ ಅಲ್ಲ.

ಐದು ಇಂಗಾಲದ ಸಕ್ಕರೆಗಳೂ ಇವೆ. ರೈಬೋಸ್ ಎಂಬುದು ಆರ್‌ಎನ್‌ಎಯ ಬೆನ್ನೆಲುಬಿನಲ್ಲಿದೆ. ಅದರಿಂದ ಒಂದು ಆಮ್ಲಜನಕ ತೆಗೆದರೆ ಡಿಆಕ್ಸಿರೈಬೋಸ್, ಅದು ಡಿಎನ್‌ಎಯಲ್ಲಿ. ಡಿಎನ್‌ಎ ಎಂಬ ಹೆಸರಿನ ಮೊದಲ ಅಕ್ಷರವೇ ಒಂದು ಸಕ್ಕರೆಯದು. ಜೀವಕೋಶದ ಚಿಲ್ಲರೆ ದುಡ್ಡಿನ ಹಾಗೆ ಓಡಾಡುವ ಎಟಿಪಿಯಲ್ಲೂ ರೈಬೋಸ್ ಇದೆ.

ಎರಡೆರಡು ಜೋಡಿಯಾದವುಗಳಲ್ಲಿ ನಮಗೆ ಹತ್ತಿರದ್ದು ಸುಕ್ರೋಸ್, ಅಂದರೆ ಅಡುಗೆಮನೆಯ ಡಬ್ಬಿಯ ಸಕ್ಕರೆ. ಒಂದು ಗ್ಲೂಕೋಸ್, ಒಂದು ಫ್ರಕ್ಟೋಸ್. ಇದು ಗಿಡಗಳ ಸಾಗಾಣಿಕೆಯ ಸರಕು. ಭತ್ತದ ಎಲೆ ಬಿಸಿಲಲ್ಲಿ ಮಾಡಿದ ಸಕ್ಕರೆಯನ್ನು ತೆನೆಗೆ ಕಳುಹಿಸಬೇಕಲ್ಲ, ಗ್ಲೂಕೋಸಾಗಿಯೇ ಕಳುಹಿಸಬಹುದಿತ್ತು. ಆದರೆ ಗ್ಲೂಕೋಸಿನ ಒಂದು ತುದಿ ಸಿಕ್ಕಿದ್ದರ ಜೊತೆಗೆ ಪ್ರತಿಕ್ರಿಯಿಸುವಂಥದ್ದು. ಸುಕ್ರೋಸಿನಲ್ಲಿ ಎರಡು ಸಕ್ಕರೆಗಳ ಅಂಥ ತುದಿಗಳೂ ಒಂದಕ್ಕೊಂದು ಬೆಸೆದು ಮುಚ್ಚಿಹೋಗಿವೆ. ದಾರಿಯಲ್ಲಿ ಯಾರ ಜೊತೆಗೂ ಜಗಳವಿಲ್ಲದೆ ತಲುಪುತ್ತದೆ. ತಾಳೆಯ, ತೆಂಗಿನ ಹೊಂಬಾಳೆಗೆ ಹರಿದು ಬರುವ ರಸವೂ ಇದೇ ಸುಕ್ರೋಸಿನ ಹೊಳೆ. ಮೂರ್ತೆದಾರರು ಹೊಂಬಾಳೆಯ ತುದಿ ಕೆತ್ತಿ ಆ ಹೊಳೆಯನ್ನು ಮಡಕೆಗೆ ತಿರುಗಿಸುತ್ತಾರೆ. ಮಡಕೆಯ ಒಳಗೆ ಸುಣ್ಣ ಬಳಿದರೆ ರಸ ಸಿಹಿಯಾಗಿಯೇ ಉಳಿದು ಓಲೆಬೆಲ್ಲಕ್ಕೆ ಒದಗುತ್ತದೆ. ಬಳಿಯದಿದ್ದರೆ ಗಾಳಿಯ ಯೀಸ್ಟು ಸುಕ್ರೋಸನ್ನು ಒಡೆದು ಹುಳಿಸಿ ಕಳ್ಳು ಮಾಡುತ್ತದೆ. ಸುಣ್ಣದ ಕ್ಷಾರದಲ್ಲಿ ಆ ಸೂಕ್ಷ್ಮಜೀವಿಗಳ ಕೈ ನಡೆಯುವುದಿಲ್ಲ. ರಸಾಯನಶಾಸ್ತ್ರದ ಪುಸ್ತಕ ಓದದೆಯೇ ನಮ್ಮವರು ಇದನ್ನು ಕಂಡುಕೊಂಡಿದ್ದರು ಎನ್ನುವಾಗ ನನಗೆ ನಿಜವಾಗಿಯೂ ಹೆಮ್ಮೆ.

ಹಾಲಿನದು ಲ್ಯಾಕ್ಟೋಸ್: ಗ್ಲೂಕೋಸಿಗೆ ಗ್ಯಾಲಕ್ಟೋಸ್ ಜೋಡಿ. ತಾಯಿಯ ಹಾಲಿನಲ್ಲಿ ಇದು ಸುಮಾರು ಶೇ. 7, ದನದ ಹಾಲಿನಲ್ಲಿ ಶೇ. 5ರ ಆಸುಪಾಸು. ಇದನ್ನು ಒಡೆಯುವ ಕಿಣ್ವ ಹೆಚ್ಚುಕಡಿಮೆ ಎಲ್ಲ ಎಳೆಮಕ್ಕಳಲ್ಲೂ ಇರುತ್ತದೆ. ದೊಡ್ಡವರಾದ ಮೇಲೆ ಬಹಳ ಜನರಲ್ಲಿ ಕಡಿಮೆಯಾಗುತ್ತದೆ. ಹಾಲು ಕುಡಿದರೆ ಹೊಟ್ಟೆ ಗುಡುಗುಡು ಅನ್ನುವವರು ಮಜ್ಜಿಗೆಯನ್ನು ಆರಾಮಾಗಿ ಕುಡಿಯುವುದು ಇದಕ್ಕೇ, ಹೆಪ್ಪಿನ ಬ್ಯಾಕ್ಟೀರಿಯಾ ಅಷ್ಟರಲ್ಲಿ ಒಂದು ಪಾಲು ಲ್ಯಾಕ್ಟೋಸನ್ನು ಹುಳಿಯಾಗಿ ಬದಲಿಸಿರುತ್ತದೆ.

ಈಗ ಮೇಜಿನ ಮೇಲಿರುವುದನ್ನು ನೋಡಿ. ಗಾಯಕ್ಕೆ ಹಚ್ಚುವ ಕಂದು ಅಯೋಡಿನ್ನಿಗೆ ನೀರು ಬೆರೆಸಿಟ್ಟಿದ್ದೇನೆ. ಕಾಯಿ ಬಾಳೆಯ ಹೋಳಿಗೆ ಒಂದು ಹನಿ ಹಾಕುತ್ತೇನೆ. ನೋಡಿ, ಶಾಯಿಯ ಹಾಗೆ ಕಡುನೀಲಿ. ಚೆನ್ನಾಗಿ ಕಳಿತ ಬಾಳೆಹಣ್ಣಿಗೆ ಹಾಕಿದರೆ ಬಣ್ಣ ಹೆಚ್ಚು ಬದಲಾಗುವುದಿಲ್ಲ. ಕಾಯಿಯಲ್ಲಿ ಶೇ. 20ರಷ್ಟಿದ್ದ ಪಿಷ್ಟ ಹಣ್ಣಾಗುವಾಗ ಶೇ. 1ರ ಹತ್ತಿರಕ್ಕೆ ಇಳಿಯುತ್ತದೆ, ಉಳಿದದ್ದು ಸಕ್ಕರೆಯಾಗಿ ಬಿಡಿಬಿಡಿಯಾಗಿದೆ. ಹಲಸಿನದೂ ಅದೇ ಕಥೆ. ಬೆಳೆದ ಕಾಯಿಸೊಳೆ ರುಬ್ಬಿದರೆ ಹಪ್ಪಳವಾಗುತ್ತದೆ, ಹಣ್ಣಾದ ಸೊಳೆಯಿಂದ ಆ ಹಪ್ಪಳ ಆಗುವುದಿಲ್ಲ. ಹಪ್ಪಳವನ್ನು ಹಿಡಿದಿಡುವುದು ಪಿಷ್ಟ.

ಇಲ್ಲಿ ಎರಡು ಬಿಳಿ ಹತ್ತಿಬಟ್ಟೆಯ ತುಂಡು ಇವೆ. ಒಂದು ಗಂಜಿ ಹಾಕಿದ್ದು, ಇನ್ನೊಂದು ಹಾಕದ್ದು. ಎರಡಕ್ಕೂ ಹನಿ. ಗಂಜಿ ಹಾಕಿದ್ದು ನೀಲಿಯಾಯಿತು. ಇನ್ನೊಂದರಲ್ಲಿ ಅಯೋಡಿನ್ನಿನ ಕಂದು ಕಲೆ ಮಾತ್ರ. ಎರಡೂ ಗ್ಲೂಕೋಸಿನ ಸರವೇ ಆಗಿದ್ದರೂ ಅಯೋಡಿನ್ ಒಂದನ್ನು ಮಾತ್ರ ಗುರುತಿಸಿತು. ಪಿಷ್ಟದ ಸರ ಸುರುಳಿ ಸುತ್ತಿಕೊಂಡಿದೆಯಲ್ಲ, ಆ ಸುರುಳಿಯ ಕೊಳವೆಯೊಳಗೆ ಅಯೋಡಿನ್ ಹೋಗಿ ಸಾಲಾಗಿ ಕೂರುತ್ತದೆ, ಆಗ ನೀಲಿ ಕಾಣುತ್ತದೆ. ಹತ್ತಿಯ ಸರ ನೇರ, ಕೂರಲು ಜಾಗವಿಲ್ಲ. ನಂಬಿಕೆ ಬಾರದಿದ್ದರೆ ಈ ನೀಲಿ ತೆಳಿಯನ್ನು ಬಿಸಿ ಮಾಡುತ್ತೇನೆ. ಬಣ್ಣ ಮಾಸುತ್ತಾ ಬಂತು ನೋಡಿ, ಬಿಸಿಗೆ ಸುರುಳಿ ಸಡಿಲವಾಯಿತು. ಹಾಗೇ ಬಿಡೋಣ, ನಾನು ಮಾತಾಡುತ್ತಾ ಇರುವಷ್ಟರಲ್ಲಿ ತಣಿದು ನೀಲಿ ವಾಪಸ್ ಬರುತ್ತದೆ.

ಪಿಷ್ಟದ ಬಗ್ಗೆ ಇನ್ನೂ ಸ್ವಲ್ಪ ಹೇಳಬೇಕು, ನಾವು ಅನ್ನ ಉಣ್ಣುವ ಜನ. ಪಿಷ್ಟದಲ್ಲಿ ಎರಡು ಬಗೆಯ ಸರಗಳಿವೆ. ಕೊಂಬೆ ಇಲ್ಲದ್ದು ಅಮೈಲೋಸ್, ಕೊಂಬೆ ಕೊಂಬೆಯಾದದ್ದು ಅಮೈಲೋಪೆಕ್ಟಿನ್. ಸಾಮಾನ್ಯವಾಗಿ ಕೊಂಬೆಯದ್ದೇ ಮುಕ್ಕಾಲು ಪಾಲು. ಕಾಳಿನೊಳಗೆ ಇವೆರಡೂ ಒತ್ತೊತ್ತಾದ ಕಣಗಳಾಗಿ ಕೂತಿರುತ್ತವೆ. ನೀರಿನಲ್ಲಿ ಸುಮಾರು 60ರಿಂದ 75 ಡಿಗ್ರಿ ಸೆಲ್ಸಿಯಸ್ ಬಿಸಿಯಾದಾಗ ಆ ಕಣಗಳು ನೀರು ಕುಡಿದು ಉಬ್ಬಿ ಒಡೆಯುತ್ತವೆ. ನೀರ್‌ದೋಸೆಯ ಹಿಟ್ಟು ಕಾವಲಿಗೆ ಬಿದ್ದ ಕ್ಷಣ ನೀರಿನಂಥದ್ದು ಬಟ್ಟೆಯ ಹಾಗಾಗುವುದು ಇದರಿಂದಲೇ. ಕುಚ್ಚಲಕ್ಕಿಯಲ್ಲಿ ಈ ಕೆಲಸದ ಅರ್ಧ ಭಾಗ ಭತ್ತದ ಸಿಪ್ಪೆಯೊಳಗೇ ಆಗಿರುತ್ತದೆ. ಭತ್ತವನ್ನು ನೆನೆಸಿ ಬೇಯಿಸಿದಾಗ ಪಿಷ್ಟ ಉಬ್ಬಿ ಕಾಳಿನ ಬಿರುಕುಗಳೆಲ್ಲ ಬೆಸೆದುಕೊಳ್ಳುತ್ತವೆ, ತೌಡಿನಲ್ಲಿದ್ದ ಬಿ1 ಜೀವಸತ್ವ ಒಳಕ್ಕೆ ಇಳಿಯುತ್ತದೆ. ಒಣಗಿಸಿದಾಗ ಬಿಚ್ಚಿಕೊಂಡ ಸರಗಳು ಮತ್ತೆ ಒಂದಕ್ಕೊಂದು ತಬ್ಬಿಕೊಂಡು ಬಿಗಿಯಾಗುತ್ತವೆ. ಕಾಳು ಗಟ್ಟಿಯಾಗುವುದೂ ಬೇಯಲು ಹೊತ್ತು ಹಿಡಿಯುವುದೂ ಹಾಗೆ. ರಾತ್ರಿಯ ಅನ್ನ ಬೆಳಿಗ್ಗೆಗೆ ಬಿರುಸಾಗುವುದೂ ಇದೇ ಕ್ರಿಯೆ. ಹಾಗೆ ತಬ್ಬಿಕೊಂಡ ಪಿಷ್ಟದ ಒಂದು ಪಾಲನ್ನು ನಮ್ಮ ಕಿಣ್ವಗಳು ಬಿಡಿಸಲಾರವು. ಅದು ದೊಡ್ಡ ಕರುಳಿಗೆ ಹೋಗಿ ಅಲ್ಲಿನ ಬ್ಯಾಕ್ಟೀರಿಯಾಗಳಿಗೆ ಊಟವಾಗುತ್ತದೆ. ಅವು ಅದರಿಂದ ಮಾಡುವ ಬ್ಯುಟಿರೇಟ್ ಎಂಬ ಚಿಕ್ಕ ಆಮ್ಲ ಕರುಳಿನ ಒಳಪದರದ ಕೋಶಗಳಿಗೆ ಆಹಾರ.

ಗಿಡವಾಗಲಿ ನಾವಾಗಲಿ ಸಕ್ಕರೆಯನ್ನು ಬಿಡಿಯಾಗಿಯೇ ಏಕೆ ಕೂಡಿಡುವುದಿಲ್ಲ? ಇದು ನನಗೆ ಬಹಳ ಇಷ್ಟದ ಪ್ರಶ್ನೆ. ಮಾವಿನ ಮಿಡಿಯನ್ನು ಉಪ್ಪಿನಲ್ಲಿ ಹಾಕಿಟ್ಟರೆ ಮಿಡಿ ಚಿರುಟುತ್ತದೆ, ಭರಣಿಯಲ್ಲಿ ನೀರು ನಿಲ್ಲುತ್ತದೆ. ಕರಗಿದ ಕಣಗಳು ಎಲ್ಲಿ ಹೆಚ್ಚೋ ಅಲ್ಲಿಗೆ ನೀರು ಹರಿಯುತ್ತದೆ. ಯಕೃತ್ತಿನ ಕೋಶ ತನ್ನ ದಾಸ್ತಾನನ್ನೆಲ್ಲ ಬಿಡಿ ಗ್ಲೂಕೋಸಾಗಿ ಇಟ್ಟುಕೊಂಡರೆ ಮಿಡಿಗಾದದ್ದರ ಉಲ್ಟಾ ಆಗುತ್ತದೆ, ನೀರು ಒಳನುಗ್ಗಿ ಕೋಶ ಬಿರಿಯುತ್ತದೆ. ಹತ್ತಾರು ಸಾವಿರ ಗ್ಲೂಕೋಸನ್ನು ಒಂದೇ ಅಣುವಾಗಿ ಕಟ್ಟಿಬಿಟ್ಟರೆ ನೀರಿನ ಲೆಕ್ಕಕ್ಕೆ ಅದು ಒಂದೇ ಕಣ. ಪ್ರಾಣಿಗಳಲ್ಲಿ ಹಾಗೆ ಕಟ್ಟಿಟ್ಟದ್ದು ಗ್ಲೈಕೋಜನ್. ಫ್ರಾನ್ಸಿನ ಕ್ಲಾಡ್ ಬರ್ನಾರ್ಡ್ 1857ರಲ್ಲಿ ಇದನ್ನು ಯಕೃತ್ತಿನಿಂದ ಬೇರ್ಪಡಿಸಿದ. ದೊಡ್ಡವರ ಯಕೃತ್ತಿನಲ್ಲಿ ಸುಮಾರು 100 ಗ್ರಾಂ, ಸ್ನಾಯುಗಳಲ್ಲಿ ಒಟ್ಟು 400 ಗ್ರಾಂ ಆಸುಪಾಸು ಇರುತ್ತದೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಇಡೀ ರಕ್ತದಲ್ಲಿ ಕರಗಿರುವ ಗ್ಲೂಕೋಸ್ ಎಷ್ಟು ಗೊತ್ತೇ? ಐದು ಲೀಟರ್ ರಕ್ತ, 100 ಮಿಲಿಲೀಟರಿಗೆ 90 ಮಿಲಿಗ್ರಾಂ ಎಂದು ಹಿಡಿದರೆ ನಾಲ್ಕೂವರೆ ಗ್ರಾಂ. ಒಂದು ಚಿಕ್ಕ ಚಮಚ! ಮೆದುಳೊಂದೇ ದಿನಕ್ಕೆ 120 ಗ್ರಾಂನಷ್ಟು ಗ್ಲೂಕೋಸ್ ಕೇಳುತ್ತದೆ. ಆ ಒಂದು ಚಮಚ ಖಾಲಿಯಾಗದ ಹಾಗೆ ಯಕೃತ್ತು ರಾತ್ರಿಯಿಡೀ ಸರದಿಂದ ಒಂದೊಂದೇ ಹೂವು ಬಿಡಿಸಿ ಕೊಡುತ್ತಾ ಕೂತಿರುತ್ತದೆ.

ಗ್ಲೈಕೋಜನ್ ಅಮೈಲೋಪೆಕ್ಟಿನ್ನಿನ ಹಾಗೆಯೇ ಕೊಂಬೆಯದ್ದು, ಆದರೆ ಕೊಂಬೆಗಳು ಅದರ ಎರಡರಷ್ಟಕ್ಕೂ ಹೆಚ್ಚು ಒತ್ತು. ಗಿಡಕ್ಕೆ ಅವಸರವಿಲ್ಲ, ಪ್ರಾಣಿಗೆ ಇದೆ. ಗ್ಲೂಕೋಸ್ ಬಿಡಿಸುವ ಕಿಣ್ವ ತುದಿಯಿಂದಲೇ ಬಿಡಿಸಬೇಕು, ಕೊಂಬೆ ಹೆಚ್ಚಿದ್ದಷ್ಟೂ ತುದಿ ಹೆಚ್ಚು. ಕಂಬಳದ ಕರೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಹೆಚ್ಚುಕಡಿಮೆ 140 ಮೀಟರ್ ಕೆಸರು, ಹದಿನೈದು ಸೆಕೆಂಡೂ ಬೇಡ. ಅಷ್ಟರಲ್ಲಿ ಉಸಿರಿನಿಂದ ಬಂದ ಆಮ್ಲಜನಕ ಕೋಣದ ತೊಡೆಗೂ ಓಟಗಾರನ ತೊಡೆಗೂ ಬೇಕಾದಷ್ಟು ತಲುಪಿಯೇ ಇರುವುದಿಲ್ಲ. ಮೊದಲ ಕೆಲವು ಸೆಕೆಂಡು ಸ್ನಾಯುವಿನ ಕೈಗೆಟಕುವ ದಾಸ್ತಾನಿನಿಂದ, ಆಮೇಲೆ ಗ್ಲೈಕೋಜನನ್ನು ಆಮ್ಲಜನಕವಿಲ್ಲದೆಯೇ ಅರೆಬರೆ ಒಡೆದು ಓಟ ಮುಗಿಯುತ್ತದೆ. ಅರೆಬರೆ ಒಡೆದದ್ದು ಲ್ಯಾಕ್ಟಿಕ್ ಆಮ್ಲ. ಅದು ರಕ್ತದಲ್ಲಿ ಯಕೃತ್ತಿಗೆ ಹೋಗಿ ಮತ್ತೆ ಗ್ಲೂಕೋಸಾಗಿ ಬರುತ್ತದೆ. ಈ ಸುತ್ತನ್ನು ಕಂಡುಹಿಡಿದವರು ಗರ್ಟಿ ಕೋರಿ ಮತ್ತು ಕಾರ್ಲ್ ಕೋರಿ ದಂಪತಿ. ಗ್ಲೈಕೋಜನ್ ಕುರಿತ ಅವರ ಕೆಲಸಕ್ಕೆ 1947ರಲ್ಲಿ ನೊಬೆಲ್ ಬಂತು, ವೈದ್ಯಕೀಯದ ನೊಬೆಲ್ ಪಡೆದ ಮೊದಲ ಮಹಿಳೆ ಗರ್ಟಿ.

ಕೋಣ ಅಂದಾಗ ಹುಲ್ಲಿನ ಮಾತು ಬರಬೇಕು. ಕಂಬಳದ ಕೋಣಕ್ಕೆ ಹುರುಳಿ ಬೇಯಿಸಿ ಹಾಕುತ್ತಾರೆ, ಸರಿ. ಬೈಹುಲ್ಲಿನಲ್ಲಿ ಏನಿದೆ? ಸೆಲ್ಯುಲೋಸ್, ಅಂದರೆ ಸೀರೆಯ ಹತ್ತಿಯಲ್ಲಿರುವುದೇ. 1838ರಲ್ಲಿ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಪಾಯೆನ್ ಅದನ್ನು ಗಿಡಗಳಿಂದ ಬೇರ್ಪಡಿಸಿ ಹೆಸರಿಟ್ಟ. ಜೀವಿಗಳು ಮಾಡುವ ವಸ್ತುಗಳಲ್ಲಿ ಭೂಮಿಯ ಮೇಲೆ ಅತಿ ಹೆಚ್ಚು ಇರುವುದು ಇದು. ಹತ್ತಿಯಲ್ಲಿ ಶೇ. 90ಕ್ಕೂ ಮೇಲೆ, ಮರದಲ್ಲಿ ಅರ್ಧದ ಹತ್ತಿರ. ಒಂದು ಆಚೆ, ಒಂದು ಈಚೆ ಕಟ್ಟಿದ ಆ ನೇರ ಸರಗಳು ಪಕ್ಕಪಕ್ಕದಲ್ಲಿ ಮಲಗಿ, ಉದ್ದಕ್ಕೂ ಒಂದರ ಕೈ ಒಂದು ಹಿಡಿದುಕೊಂಡಿರುತ್ತವೆ. ನೀರಿಗೂ ಒಳಹೋಗಲು ಸಂದಿ ಸಿಗುವುದಿಲ್ಲ. ಅಡಿಕೆ ಹಾಳೆಯ ಮುಟ್ಟಾಳೆ ಮಳೆಗೆ ಕರಗದೆ ತಲೆ ಕಾಯುವುದು, ಮಲ್ಲಿಗೆ ಕಟ್ಟುವ ಬಾಳೆನಾರು ತುಂಡಾಗದಿರುವುದು ಈ ಒಗ್ಗಟ್ಟಿನಿಂದ.

ನಮ್ಮ ಹೊಟ್ಟೆಯ ಕಿಣ್ವಕ್ಕೆ ಆಲ್ಫಾ ಬಂಧ ಮಾತ್ರ ಹೊಂದುತ್ತದೆ, ಬೀಟಾ ಬಂಧದ ಈ ಸರ ಅದರ ಕೈಗೆ ಕೂರುವುದಿಲ್ಲ. ದನಕ್ಕೂ ಸ್ವಂತ ಕಿಣ್ವ ಇಲ್ಲ! ಅದು ತನ್ನ ಹೊಟ್ಟೆಯ ಮೊದಲ ದೊಡ್ಡ ಕೋಣೆಯಲ್ಲಿ ಕೋಟ್ಯಂತರ ಸೂಕ್ಷ್ಮಜೀವಿಗಳನ್ನು ಸಾಕಿಕೊಂಡಿದೆ. ಅವು ಸೆಲ್ಯುಲೋಸನ್ನು ಒಡೆದು ತಾವು ಉಂಡು ಚಿಕ್ಕ ಚಿಕ್ಕ ಆಮ್ಲಗಳನ್ನು ಬಿಡುತ್ತವೆ. ದನ ಬದುಕುವುದು ಹೆಚ್ಚಾಗಿ ಆ ಆಮ್ಲಗಳ ಮೇಲೆ. ಅವುಗಳಲ್ಲಿ ಪ್ರೊಪಿಯೋನಿಕ್ ಎಂಬುದು ಯಕೃತ್ತಿನಲ್ಲಿ ಮತ್ತೆ ಗ್ಲೂಕೋಸ್ ಆಗುತ್ತದೆ, ಅದರಿಂದ ಹಾಲಿನ ಲ್ಯಾಕ್ಟೋಸ್, ಕೋಣದ ತೊಡೆಯ ಗ್ಲೈಕೋಜನ್. ನನ್ನ ಅಮ್ಮ ತೆಳಿಯನ್ನು ನಮಗೂ ದನಕ್ಕೂ ಹಂಚುತ್ತಿದ್ದಳು. ಬೈಹುಲ್ಲನ್ನು ಮಾತ್ರ ದನಕ್ಕೆ ಹಾಕುತ್ತಿದ್ದಳು. ಆ ಹಂಚಿಕೆಯ ಹಿಂದೆ ಇದ್ದದ್ದು ಒಂದು ಬಂಧದ ದಿಕ್ಕು.

ಮಳೆಗಾಲದ ಮೊದಲ ಗುಡುಗಿಗೆ ಹುತ್ತದ ಸುತ್ತ ಅಣಬೆ ಏಳುತ್ತದಲ್ಲ, ಅಲ್ಲೂ ಇಂಥದೇ ಒಪ್ಪಂದ. ಗೆದ್ದಲು ಒಣ ಎಲೆ, ಮರದ ಚೂರು ತಂದು ಹುತ್ತದೊಳಗೆ ಶಿಲೀಂಧ್ರದ ತೋಟ ಮಾಡುತ್ತದೆ. ಸೆಲ್ಯುಲೋಸನ್ನು ಒಡೆಯುವ ಶ್ರಮದಲ್ಲಿ ದೊಡ್ಡ ಪಾಲು ಶಿಲೀಂಧ್ರದ್ದು. ಗೆದ್ದಲು ಉಣ್ಣುವುದು ಆ ತೋಟವನ್ನು. ನಾವು ಪಲ್ಯ ಮಾಡುವುದು ಆ ತೋಟದಿಂದ ಮೇಲೆ ಬಂದ ಕೊಡೆಯನ್ನು.

ಅಣಬೆಯ ಕೋಶದ ಗೋಡೆ ಮಾತ್ರ ಸೆಲ್ಯುಲೋಸ್ ಅಲ್ಲ. ಅದನ್ನು ಮೊದಲು ಗಮನಿಸಿದವನು ಆಗ ಹೇಳಿದ ಬ್ರಾಕೊನೊ, 1811ರಲ್ಲಿ. ಈಗ ಅದನ್ನು ಕೈಟಿನ್ ಎನ್ನುತ್ತೇವೆ. ಸೆಲ್ಯುಲೋಸಿನ ಸರವೇ, ಅದೇ ಬೀಟಾ ಬಂಧ. ಆದರೆ ಪ್ರತಿ ಹೂವಿಗೂ ಸಾರಜನಕ ಇರುವ ಒಂದು ಚಿಕ್ಕ ಗುಂಪು ಸಿಕ್ಕಿಸಿದೆ. ಅದರಿಂದ ಸರಗಳ ಹಿಡಿತ ಮತ್ತೂ ಬಿಗಿ. ಮಲ್ಪೆಯಲ್ಲಿ ಸಿಗಡಿ ಸುಲಿಯುವವರ ಪಕ್ಕದಲ್ಲಿ ರಾಶಿ ಬೀಳುವ ಸಿಪ್ಪೆ, ಏಡಿಯ ಚಿಪ್ಪು, ಜಿರಳೆಯ ರೆಕ್ಕೆ, ಇವೆಲ್ಲದರ ಹಂದರ ಕೈಟಿನ್. ಸಿಗಡಿ, ಏಡಿಗಳಲ್ಲಿ ಅದರ ಸಂದಿಗಳಿಗೆ ಸುಣ್ಣದ ಅಂಶ ತುಂಬಿ ಗಟ್ಟಿಯಾಗುತ್ತದೆ. ಏಡಿ ದೊಡ್ಡದಾಗಬೇಕಾದರೆ ಹಳೆಯ ಚಿಪ್ಪನ್ನು ಕಳಚಲೇಬೇಕು, ಚಿಪ್ಪು ಹಿಗ್ಗುವುದಿಲ್ಲ. ಕಳಚಿದ ಹೊಸತರಲ್ಲಿ ಸಿಕ್ಕಿದ ಏಡಿಯ ಮೈ ಮೆತ್ತಗೆ ಇರುವುದನ್ನು ಇಲ್ಲಿ ಹಲವರು ನೋಡಿರುತ್ತೀರಿ. ಈ ಸಿಪ್ಪೆಯಿಂದ ತೆಗೆಯುವ ಕೈಟೋಸಾನ್ ರಕ್ತ ನಿಲ್ಲಿಸುವ ಗಾಯದ ಪಟ್ಟಿಗಳಿಗೆ ಬಳಕೆಯಾಗುತ್ತದೆ. ಕಸ ಎಂದು ಎಸೆಯುವ ಮೊದಲು ಇನ್ನೊಮ್ಮೆ ಯೋಚಿಸಬೇಕಾದ ವಸ್ತು ಎಂಬುದು ನನ್ನ ಅಭಿಪ್ರಾಯ.

ಬ್ಯಾಕ್ಟೀರಿಯಾಗಳ ಗೋಡೆಯೂ ಸಕ್ಕರೆಯ ಸರಗಳದ್ದೇ, ಅಡ್ಡಡ್ಡ ಪ್ರೋಟೀನಿನ ಚೂರುಗಳಿಂದ ಹೊಲಿದದ್ದು. ನಮ್ಮ ಕಣ್ಣೀರಿನಲ್ಲಿ ಆ ಸರವನ್ನು ಕತ್ತರಿಸುವ ಕಿಣ್ವ ಇದೆ. ಅಲೆಕ್ಸಾಂಡರ್ ಫ್ಲೆಮಿಂಗ್ 1922ರಲ್ಲಿ ಅದನ್ನು ವರದಿ ಮಾಡಿದ. 1928ರಲ್ಲಿ ಅವನಿಗೇ ಸಿಕ್ಕಿದ ಪೆನಿಸಿಲಿನ್ ಅಡ್ಡ ಹೊಲಿಗೆಯನ್ನು ತಡೆಯುತ್ತದೆ. ನಮ್ಮ ಕೋಶಗಳಿಗೆ ಅಂಥ ಗೋಡೆ ಇಲ್ಲದ್ದರಿಂದ ಔಷಧ ನಮಗೆ ತಾಗದೆ ಬ್ಯಾಕ್ಟೀರಿಯಾಕ್ಕೆ ಮಾತ್ರ ತಾಗುತ್ತದೆ. ಆ ಬ್ಯಾಕ್ಟೀರಿಯಾಗಳನ್ನು ಪ್ರಯೋಗಾಲಯದಲ್ಲಿ ಬೆಳೆಸುವ ತಟ್ಟೆಯಲ್ಲಿರುವುದೂ ಕಡಲ ಪಾಚಿಯ ಸಕ್ಕರೆಯ ಸರ, ನಾವು ಪುಡ್ಡಿಂಗಿಗೆ ಹಾಕುವ ಚೈನಾ ಗ್ರಾಸ್. ಹಾಗೆ ಬಳಸಬಹುದೆಂದು 1881ರಲ್ಲಿ ಸೂಚಿಸಿದ್ದು ಫ್ಯಾನಿ ಹೆಸ್ಸೆ ಎಂಬ ಗೃಹಿಣಿ. ಆಕೆಯ ಗಂಡ ಜರ್ಮನಿಯ ಸೂಕ್ಷ್ಮಜೀವಿ ವಿಜ್ಞಾನಿ ರಾಬರ್ಟ್ ಕಾಕ್‌ರ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದರು, ಬೇಸಿಗೆಗೆ ಅವರ ಜೆಲಟಿನ್ ತಟ್ಟೆಗಳು ಕರಗಿಹೋಗುತ್ತಿದ್ದವು. ಆಕೆಗೆ ತನ್ನ ಅಡುಗೆಮನೆಯ ಜೆಲ್ಲಿ ಸೆಖೆಗೆ ಕರಗುವುದಿಲ್ಲ ಎಂಬುದು ಗೊತ್ತಿತ್ತು.

ಇನ್ನು ರಕ್ತದ ಗುಂಪು. ನಿಮ್ಮದು ಎ ಅಥವಾ ಬಿ ಎಂದರೆ ಏನರ್ಥ? ಕೆಂಪು ರಕ್ತಕಣದ ಮೈಮೇಲೆ ಪುಟ್ಟ ಪುಟ್ಟ ಸಕ್ಕರೆಯ ಸರಗಳು ನೇತಾಡುತ್ತಿವೆ. ತುದಿಯಲ್ಲಿ ಗ್ಯಾಲಕ್ಟೋಸ್ ಇದ್ದರೆ ಬಿ. ಅದೇ ಗ್ಯಾಲಕ್ಟೋಸಿಗೆ ಸಾರಜನಕದ ಚಿಕ್ಕ ಗುಂಪು ಸೇರಿಕೊಂಡಿದ್ದರೆ ಎ. ಎರಡೂ ಇದ್ದರೆ ಎಬಿ. ತುದಿಯ ಆ ಒಂದು ಸಕ್ಕರೆ ಇಲ್ಲವೇ ಇಲ್ಲದಿದ್ದರೆ ಓ. 1901ರಲ್ಲಿ ಆಸ್ಟ್ರಿಯಾದ ವೈದ್ಯ ಲ್ಯಾಂಡ್‌ಸ್ಟೈನರ್ ಗುಂಪುಗಳನ್ನು ವಿವರಿಸಿದಾಗ ಅದು ಸಕ್ಕರೆಯ ವಿಷಯ ಎಂದು ಯಾರಿಗೂ ಗೊತ್ತಿರಲಿಲ್ಲ. ಒಂದು ಸಕ್ಕರೆಯ ವ್ಯತ್ಯಾಸಕ್ಕೆ ತಪ್ಪು ರಕ್ತ ಜೀವ ತೆಗೆಯಬಲ್ಲದು. 1952ರಲ್ಲಿ ಮುಂಬಯಿಯಲ್ಲಿ ಡಾ. ವೈ. ಎಂ. ಭೆಂಡೆ ಮತ್ತು ಸಂಗಡಿಗರು ಇನ್ನೊಂದು ಬಗೆಯನ್ನು ಕಂಡರು. ಎ, ಬಿ ಸಕ್ಕರೆಗಳನ್ನು ಸಿಕ್ಕಿಸುವ ಬುಡದ ತುಣುಕೇ ಇಲ್ಲದವರು. ಅದಕ್ಕೆ ಬಾಂಬೆ ಗುಂಪು ಎಂದೇ ಹೆಸರು. ಸಾಮಾನ್ಯ ಪರೀಕ್ಷೆಯಲ್ಲಿ ಇವರದು ಓ ಎಂದೇ ಕಾಣುತ್ತದೆ. ಆದರೆ ಓ ರಕ್ತ ಇವರಿಗೆ ಆಗದು, ಬಾಂಬೆ ಗುಂಪಿನವರದೇ ಬೇಕು. ಕೊಡುವ ಮೊದಲು ಇಬ್ಬರ ರಕ್ತವನ್ನು ಬೆರೆಸಿ ನೋಡುವ ಅಡ್ಡಹೊಂದಾಣಿಕೆಯ (ಕ್ರಾಸ್ ಮ್ಯಾಚ್) ಪರೀಕ್ಷೆ ಯಾಕೆ ಬಿಡಬಾರದು ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ. ರಕ್ತದಾನ ಮಾಡುವ ಯುವಕರು ಇಲ್ಲಿ ಬಹಳ ಮಂದಿ ಇದ್ದೀರಿ, ನಿಮಗೆ ಇದು ಗೊತ್ತಿರಬೇಕು.

ಅಲ್ಲಿ ತೆಳಿ ತಣಿದು ನೀಲಿ ವಾಪಸ್ ಬಂದಿದೆ, ನೋಡಿ. ಇನ್ನು ನೀವು ಕೇಳಿ.

ಮುಂದಿನ ಸಾಲಿನ ಹಿರಿಯರೊಬ್ಬರು ಕೇಳಿದರು: "ಮಾಷ್ಟ್ರೇ, ನನಗೆ ಶುಗರ್ ಉಂಟು. ಕುಚ್ಚಲಕ್ಕಿ ನಿಧಾನ ಜೀರ್ಣ ಆಗ್ತದೆ ಅಂತಾರಲ್ಲ, ಹಾಗಾದ್ರೆ ಹೊಟ್ಟೆ ತುಂಬ ಉಣ್ಬಹುದಾ?"

ಇಲ್ಲ ಮಾರಾಯ್ರೇ. ಸಾಮಾನ್ಯವಾಗಿ ಬೆಳ್ತಿಗೆ ಅಕ್ಕಿಗಿಂತ ಕುಚ್ಚಲಕ್ಕಿಯ ಗ್ಲೂಕೋಸ್ ರಕ್ತಕ್ಕೆ ಸ್ವಲ್ಪ ತಡವಾಗಿ ಇಳಿಯುತ್ತದೆ. ತಡವಾಗಿ ಇಳಿದರೂ ಇಳಿಯುತ್ತದೆ. ಯಾವ ಅಕ್ಕಿಯಾದರೂ ಜೀರ್ಣವಾಗುವ ಪಿಷ್ಟ ಗ್ರಾಂಗೆ ನಾಲ್ಕು ಕ್ಯಾಲೊರಿಯೇ. ತಟ್ಟೆಯಲ್ಲಿ ಅನ್ನದ ರಾಶಿ ಸಣ್ಣದಾಗಲಿ, ಬಸಳೆ, ಹರಿವೆ, ಕಾಳು ದೊಡ್ಡದಾಗಲಿ. ಎಷ್ಟು ಎಂಬುದನ್ನು ನಿಮ್ಮ ವೈದ್ಯರೇ ಹೇಳಬೇಕು. ಶುಗರ್ ಇಲ್ಲದವರಿಗೂ ಒಂದು ಲೆಕ್ಕ ಹೇಳುತ್ತೇನೆ. ಹೊರಗಿನಿಂದ ಸೇರಿಸುವ ಸಕ್ಕರೆ, ಬೆಲ್ಲ, ಜೇನು, ಹಣ್ಣಿನ ಜ್ಯೂಸಿನ ಸಕ್ಕರೆ ಎಲ್ಲ ಸೇರಿ ದಿನದ ಕ್ಯಾಲೊರಿಯಲ್ಲಿ ಶೇ. 10ರೊಳಗೆ ಇರಬೇಕು, 5ರೊಳಗಿದ್ದರೆ ಇನ್ನೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದೆ. 2000 ಕ್ಯಾಲೊರಿ ಉಣ್ಣುವವರಿಗೆ ಶೇ. 10 ಎಂದರೆ 50 ಗ್ರಾಂ. ಬೆಲ್ಲವಾದರೆ ಲೆಕ್ಕಕ್ಕಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಬೆಲ್ಲವೂ ಬಹುಪಾಲು ಸುಕ್ರೋಸೇ.

ಒಬ್ಬರು ಅಮ್ಮ ಕೇಳಿದ್ದು ಕಡಲೆ, ಹುರುಳಿ ತಿಂದರೆ ವಾಯು ಯಾಕೆ ಎಂದು.

ಕಾಳುಗಳಲ್ಲಿ ರಾಫಿನೋಸ್, ಸ್ಟ್ಯಾಕಿಯೋಸ್ ಎಂಬ ಮೂರು, ನಾಲ್ಕು ಹೂವಿನ ಚಿಕ್ಕ ಸರಗಳಿವೆ. ಸುಕ್ರೋಸಿಗೆ ಗ್ಯಾಲಕ್ಟೋಸ್ ಕಟ್ಟಿದ್ದು ಅಷ್ಟೇ. ಆ ಗ್ಯಾಲಕ್ಟೋಸನ್ನು ಬಿಡಿಸುವ ಆಲ್ಫಾ ಗ್ಯಾಲಕ್ಟೊಸಿಡೇಸ್ ಎಂಬ ಕಿಣ್ವ ನಮ್ಮ ಸಣ್ಣ ಕರುಳಿನಲ್ಲಿ ಇಲ್ಲ. ಸರ ಹಾಗೇ ದೊಡ್ಡ ಕರುಳಿಗೆ ಹೋಗುತ್ತದೆ, ಅಲ್ಲಿನ ಬ್ಯಾಕ್ಟೀರಿಯಾ ಹುಳಿಸಿ ಅನಿಲ ಬಿಡುತ್ತದೆ. ನೆನೆಸಿದ ನೀರನ್ನು ಚೆಲ್ಲಿದರೆ ಒಂದಷ್ಟು ಹೋಗುತ್ತದೆ. ಮೊಳಕೆ ಬರಿಸಿದರೆ ಇನ್ನೂ ಒಳ್ಳೆಯದು, ಮೊಳಕೆ ತನ್ನ ಊಟಕ್ಕೆ ಆ ಸರವನ್ನು ತಾನೇ ಒಡೆದುಕೊಂಡಿರುತ್ತದೆ.

ಕೊನೆಗೆ ಹೈಸ್ಕೂಲಿನ ಒಬ್ಬಳು ಹುಡುಗಿ ಎದ್ದಳು. "ಸರ್, ಬಿ ಗುಂಪಿನಲ್ಲಿ ತುದಿಗೆ ಒಂದು ಗ್ಯಾಲಕ್ಟೋಸ್ ಜಾಸ್ತಿ ಇರೋದು ಅಷ್ಟೇ ಅಲ್ವಾ? ಅದನ್ನು ಕಿತ್ತು ತೆಗೆದ್ರೆ ಓ ಆಗುದಿಲ್ವಾ?"

ಆಗುತ್ತದೆ ಮಗೂ. 1982ರಲ್ಲಿ ಅಮೆರಿಕದ ಸಂಶೋಧಕರು ನೀನು ಹೇಳಿದ್ದನ್ನೇ ಮಾಡಿ ವರದಿ ಮಾಡಿದರು. ಬಿ ಗುಂಪಿನ ರಕ್ತಕಣಗಳ ತುದಿಯ ಗ್ಯಾಲಕ್ಟೋಸನ್ನು ಕತ್ತರಿಸಿ ಓ ಮಾಡಿ, ಮನುಷ್ಯರಿಗೆ ಕೊಟ್ಟು ನೋಡಿದರು. ಆ ಕಣಗಳು ದೇಹದಲ್ಲಿ ಚೆನ್ನಾಗಿ ಬಾಳಿದವು. ಕತ್ತರಿಸಲು ಬಳಸಿದ ಕಿಣ್ವ ಯಾವುದು ಗೊತ್ತಾ? ಈಗಷ್ಟೇ ಆ ಅಮ್ಮನಿಗೆ ಹೇಳಿದ ಆಲ್ಫಾ ಗ್ಯಾಲಕ್ಟೊಸಿಡೇಸ್. ಅದನ್ನು ಅವರು ತೆಗೆದದ್ದು ಹುರಿಯದ ಹಸಿರು ಕಾಫಿಬೀಜದಿಂದ.